ಹಳೆಯ ಮೆಲ್ಬರ್ನ್‌ನ ಕಟಕಟೆಯಲ್ಲಿ ನಿಂತವರನ್ನು ದಾಖಲೆಗಳಲ್ಲಿ ಹುಡುಕುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

ಕುಡಿದು ಬೀದಿಯಲ್ಲಿ ಬಿದ್ದವರು, ಹಡಗು ಬಿಟ್ಟು ಓಡಿಹೋದವರು, ಒಂದು ಜೊತೆ ಬೂಟು ಕದ್ದವರು. 19ನೇ ಶತಮಾನದ ಮೆಲ್ಬರ್ನ್ ಬಂದರಿನಲ್ಲಿ ಇಂಥವರು ದಿನವೂ ಕೋರ್ಟಿಗೆ ಬರುತ್ತಿದ್ದರು. ಇವರಲ್ಲಿ ಒಬ್ಬರ ಬದುಕನ್ನು ದಾಖಲೆಯಿಂದ ಕಟ್ಟಲು ಹೊರಟವರು ಮಾತ್ರ ಮತ್ತೆ ಮತ್ತೆ ಒಂದೇ ಕಡೆ ಎಡವುತ್ತಾರೆ. ಇತಿಹಾಸದ ವಿದ್ಯಾರ್ಥಿಗಳು, ಕಾದಂಬರಿಗೆ ವಿವರ ಹುಡುಕುವವರು, ಮೆಲ್ಬರ್ನ್‌ನಲ್ಲೇ ನೆಲೆಸಿ ತಮ್ಮ ಬೀದಿಯ ಕಥೆ ತಿಳಿಯಬೇಕೆಂದಿರುವ ಕನ್ನಡಿಗರು, ಎಲ್ಲರದೂ ಅದೇ ಪಾಡು. ಮೊದಲು ಹೆಸರು ಹಾಕಿ ಹುಡುಕುತ್ತಾರೆ. ರಾಶಿ ರಾಶಿ ಫಲಿತಾಂಶ ಬರುತ್ತದೆ. ಅದರಲ್ಲಿ ನಾಲ್ಕು ಆರಿಸಿ, ಎಲ್ಲವೂ ಒಬ್ಬರದೇ ಎಂದು ಸೇರಿಸಿಬಿಡುತ್ತಾರೆ. ಅಲ್ಲಿಗೆ ಕೆಲಸ ಕೆಟ್ಟಿತು.

ಇದನ್ನು ತಪ್ಪಿಸಲು ಹಂತಗಳ ಕ್ರಮ ಬದಲಾಯಿಸಬೇಕು. ಮೊದಲು ಕೋರ್ಟ್, ಆಮೇಲೆ ದಿನ, ಆಮೇಲೆ ಆರೋಪ. ಹೆಸರು ಕೊನೆಗೆ.

## ಬೇಕಾಗುವ ಸಾಮಗ್ರಿ

ಮೊದಲನೆಯದು ಟ್ರೋವ್. ಇದು ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ ಜಾಲತಾಣ. ಹಳೆಯ ಪತ್ರಿಕೆಗಳ ಪುಟಗಳು ಇಲ್ಲಿ ಉಚಿತವಾಗಿ ಸಿಗುತ್ತವೆ. ಮೆಲ್ಬರ್ನ್‌ಗೆ ‘ದಿ ಆರ್ಗಸ್’, ‘ದಿ ಏಜ್’ ಮುಖ್ಯ. ಬಂದರಿನ ಪ್ರಕರಣಗಳಿಗೆ ‘ವಿಲಿಯಮ್ಸ್‌ಟೌನ್ ಕ್ರಾನಿಕಲ್’ ಬೇಕೇ ಬೇಕು.

ಎರಡನೆಯದು ಪಬ್ಲಿಕ್ ರೆಕಾರ್ಡ್ ಆಫೀಸ್ ವಿಕ್ಟೋರಿಯಾ. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದ ಸರ್ಕಾರಿ ದಾಖಲೆಗಳ ಮನೆ ಇದು, ನಾರ್ತ್ ಮೆಲ್ಬರ್ನ್‌ನಲ್ಲಿದೆ. ಅಲ್ಲಿನ ಪ್ರತಿ ದಾಖಲೆ ಸರಣಿಗೂ ‘ವಿಪಿಆರ್‌ಎಸ್’ ಎಂದು ಶುರುವಾಗುವ ಒಂದು ಸಂಖ್ಯೆ ಇದೆ. ಆ ಸಂಖ್ಯೆ ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ.

ಮೂರನೆಯದು ಸಾಮಾನ್ಯ ನೋಟ್‌ಬುಕ್ ಅಥವಾ ಎಕ್ಸೆಲ್ ಹಾಳೆ. ಬಂಧನದ ದಿನ, ಕೋರ್ಟಿನ ದಿನ, ಪತ್ರಿಕೆಯ ದಿನ, ಕೋರ್ಟ್, ಆರೋಪ, ತೀರ್ಪು, ಬರೆದಿರುವ ಹೆಸರು, ಗುರುತುಗಳು. ಇಷ್ಟು ಅಂಕಣ ಸಾಕು. ಮೂರು ದಿನಾಂಕಗಳಿಗೂ ಬೇರೆ ಬೇರೆ ಅಂಕಣ ಇಡಿ. ಯಾಕೆಂದು 3ನೇ ಹಂತದಲ್ಲಿ ಗೊತ್ತಾಗುತ್ತದೆ.

## ಹಂತ 1: ಹುಡುಕಾಟವನ್ನು ಚಿಕ್ಕದು ಮಾಡಿ

‘ಮೆಲ್ಬರ್ನ್‌ನ ಅಪರಾಧ’ ಎಂದು ಹೊರಟರೆ ಎಲ್ಲಿಗೂ ಮುಟ್ಟುವುದಿಲ್ಲ. ಒಂದು ಬೀದಿ ಮತ್ತು ಎರಡು ಮೂರು ವರ್ಷ ಆರಿಸಿಕೊಳ್ಳಿ. ಲಿಟಲ್ ಲಾನ್ಸ್‌ಡೇಲ್ ಬೀದಿ, 1870ರ ದಶಕದ ಆರಂಭ. ಅಥವಾ ಸ್ಯಾಂಡ್ರಿಜ್ ಹಡಗುಕಟ್ಟೆ, 1850ರ ದಶಕ. ಹೀಗೆ.

ಬೀದಿ ಆರಿಸುವಾಗ ಹಳೆಯ ಹೆಸರು ನೋಡಿಕೊಳ್ಳಿ. ಇಂದಿನ ಪೋರ್ಟ್ ಮೆಲ್ಬರ್ನ್‌ಗೆ 1884ರವರೆಗೆ ಸ್ಯಾಂಡ್ರಿಜ್ ಎಂದೇ ಹೆಸರು. ಸೌತ್ ಮೆಲ್ಬರ್ನ್ ಆಗ ಎಮರಾಲ್ಡ್ ಹಿಲ್. ಎಕ್ಸಿಬಿಷನ್ ಬೀದಿ ಮೊದಲು ಸ್ಟೀಫನ್ ಬೀದಿಯಾಗಿತ್ತು. ಪೊಲೀಸ್ ಸುದ್ದಿಯಲ್ಲಿ ಪದೇ ಪದೇ ಬರುವ ರೋಮಿಯೋ ಲೇನ್ ಇಂದಿನ ಕ್ರಾಸ್ಲಿ ಬೀದಿ. ಈಗಿನ ಹೆಸರು ಹಾಕಿ ಹುಡುಕಿ, ಏನೂ ಸಿಗಲಿಲ್ಲ ಎಂದು ಕೈಬಿಟ್ಟವರು ಜಾಸ್ತಿ.

## ಹಂತ 2: ಯಾವ ಕೋರ್ಟ್ ಎಂದು ಮೊದಲೇ ತಿಳಿಯಿರಿ

ಆಗ ಕೋರ್ಟಿಗೆ ಮೂರು ಮೆಟ್ಟಿಲು. ಕೆಳಗಿನದು ಪೆಟಿ ಸೆಷನ್ಸ್. ಇಲ್ಲಿ ಮ್ಯಾಜಿಸ್ಟ್ರೇಟರು ಜ್ಯೂರಿ ಇಲ್ಲದೆ ನಿಂತಲ್ಲೇ ತೀರ್ಪು ಕೊಡುತ್ತಿದ್ದರು. ಅದರ ಮೇಲೆ ಜನರಲ್ ಸೆಷನ್ಸ್. ಎಲ್ಲಕ್ಕಿಂತ ಮೇಲೆ ಸುಪ್ರೀಂ ಕೋರ್ಟ್. ಸಣ್ಣಪುಟ್ಟ ತಪ್ಪುಗಳೆಲ್ಲ ಕೆಳಗಿನ ಮೆಟ್ಟಿಲಿನಲ್ಲೇ ಮುಗಿಯುತ್ತಿದ್ದವು. ಅದಕ್ಕೇ ಜ್ಯೂರಿ ವಿಚಾರಣೆಯ ದಾಖಲೆ ಹುಡುಕುತ್ತಾ ತಿಂಗಳು ಕಳೆಯಬೇಡಿ.

ಪತ್ರಿಕೆಯಲ್ಲಿ ಈ ಸುದ್ದಿಗಳು ‘ಪೊಲೀಸ್’ ಎಂಬ ತಲೆಬರಹದಡಿ ಬರುತ್ತವೆ. ಅದರೊಳಗೆ ‘ಸಿಟಿ ಕೋರ್ಟ್’, ‘ಡಿಸ್ಟ್ರಿಕ್ಟ್ ಕೋರ್ಟ್’ ಎಂದು ಬೇರೆ ಬೇರೆ ಇರುತ್ತದೆ. ವಿಲಿಯಮ್ಸ್‌ಟೌನ್, ಸ್ಯಾಂಡ್ರಿಜ್‌ಗಳ ಸುದ್ದಿ ಇನ್ನೊಂದು ಮೂಲೆಯಲ್ಲಿ ಇರಬಹುದು. ಹಡಗುಕಟ್ಟೆಯ ಮೇಲೆ ನಡೆದ ಜಗಳ ಸಿಟಿ ಕೋರ್ಟಿಗೆ ಬಂದಿರಬೇಕು ಎಂದು ಊಹಿಸಬೇಡಿ. ಎಲ್ಲಾ ಕಡೆ ನೋಡಿ.

## ಹಂತ 3: ಪತ್ರಿಕೆಯಲ್ಲಿ ದಿನ ಹಿಡಿಯಿರಿ

ಟ್ರೋವ್‌ನಲ್ಲಿ ಪತ್ರಿಕೆ ಮತ್ತು ವರ್ಷದ ಜರಡಿ ಮೊದಲು ಹಾಕಿ. ಆಮೇಲೆ ಕೋರ್ಟಿನ ಹೆಸರನ್ನೂ ಬೀದಿಯ ಹೆಸರನ್ನೂ ಇಂಗ್ಲಿಷ್‌ನಲ್ಲಿ, ಉದ್ಧರಣ ಚಿಹ್ನೆಯೊಳಗೆ ಟೈಪ್ ಮಾಡಿ. ಸಿಕ್ಕ ಸುದ್ದಿಯನ್ನು ತುಣುಕಾಗಿ ಓದಬೇಡಿ. ಇಡೀ ಪುಟ ತೆರೆಯಿರಿ. ಆವತ್ತಿನ ಇಡೀ ಕೋರ್ಟ್ ಕಣ್ಣಮುಂದೆ ಬರುತ್ತದೆ. ಒಂದು ವಾರದ ಪುಟಗಳನ್ನು ಹೀಗೆ ಓದಿದರೆ ಮ್ಯಾಜಿಸ್ಟ್ರೇಟರ ಧೋರಣೆ, ಕಾನ್‌ಸ್ಟೇಬಲ್‌ಗಳ ಹೆಸರು, ಮತ್ತೆ ಮತ್ತೆ ಬರುವ ಮುಖಗಳು, ಎಲ್ಲಾ ಪರಿಚಯವಾಗುತ್ತವೆ. ನನ್ನ ಮಟ್ಟಿಗೆ ಈ ಇಡೀ ಕೆಲಸದಲ್ಲಿ ಇದಕ್ಕಿಂತ ಬೆಲೆಯುಳ್ಳ ಸಮಯ ಬೇರೆ ಇಲ್ಲ.

ಈಗ ದಿನಾಂಕದ ವಿಷಯ. ಶನಿವಾರ ರಾತ್ರಿ ಲಾಕಪ್ ಸೇರಿದವರು ಸೋಮವಾರ ಕೋರ್ಟಿಗೆ ಬರುತ್ತಾರೆ. ಬೆಳಗಿನ ಪತ್ರಿಕೆಯಲ್ಲಿ ಸುದ್ದಿ ಮಂಗಳವಾರ ಬರುತ್ತದೆ. ಹಾಗಾಗಿ ಪತ್ರಿಕೆಯ ದಿನಾಂಕವನ್ನೇ ಅಪರಾಧದ ದಿನಾಂಕ ಎಂದು ಬರೆದರೆ ಮೂರು ದಿನ ತಪ್ಪುತ್ತದೆ. ಜೈಲಿನ ರಿಜಿಸ್ಟರ್ ಜೊತೆ ತಾಳೆ ನೋಡುವಾಗ ಈ ಮೂರು ದಿನವೇ ನಿಮ್ಮನ್ನು ದಾರಿ ತಪ್ಪಿಸುತ್ತದೆ.

ಏನೂ ಸಿಗದಿದ್ದರೆ ಯಂತ್ರದ ಓದನ್ನು ಅನುಮಾನಿಸಿ. ಹಳೆಯ ಅಚ್ಚನ್ನು ಕಂಪ್ಯೂಟರ್ ತಪ್ಪಾಗಿ ಓದಿರುತ್ತದೆ. ‘ಸಿ’ ಅಕ್ಷರ ‘ಇ’ ಆಗಿರುತ್ತದೆ, ‘ಎಚ್’ ಅಕ್ಷರ ‘ಬಿ’ ಆಗಿರುತ್ತದೆ. ಇನ್ನೊಂದು ಮಾತು. ಆಗಿನ ಪತ್ರಿಕೆಗಳು ಮೆಕಾರ್ಥಿಯಂಥ ಹೆಸರನ್ನು ಬರೀ ‘ಎಂ’ ಹಾಕಿ, ಮೇಲೊಂದು ಚುಕ್ಕೆಯಂಥ ಗುರುತು ಕೊಟ್ಟು ಅಚ್ಚು ಹಾಕುತ್ತಿದ್ದವು. ಒಬ್ರಿಯನ್ ಕೆಲವೊಮ್ಮೆ ಬ್ರಯನ್ ಆಗುತ್ತಾನೆ. ಪ್ರತಿ ಹೆಸರಿಗೂ ಕನಿಷ್ಠ ನಾಲ್ಕು ಕಾಗುಣಿತ ಬರೆದಿಟ್ಟುಕೊಳ್ಳಿ. ತಪ್ಪು ಕಂಡರೆ ಟ್ರೋವ್‌ನಲ್ಲೇ ತಿದ್ದಿ. ಅಲ್ಲಿ ಯಾರು ಬೇಕಾದರೂ ಪಠ್ಯ ತಿದ್ದಬಹುದು. ನಿಮ್ಮ ನಂತರ ಹುಡುಕುವವರಿಗೆ ದಾರಿ ಸಲೀಸಾಗುತ್ತದೆ.

## ಹಂತ 4: ಆರೋಪದ ಹೆಸರನ್ನು ಸರಿಯಾಗಿ ಓದಿ

ಇಲ್ಲಿ ನಿಧಾನ ಮಾಡಿ. ಆರೋಪದ ಹೆಸರು ಒಂದು, ನಡೆದದ್ದು ಇನ್ನೊಂದು ಆಗಿರುವುದು ತುಂಬಾ ಸಾಮಾನ್ಯ.

ಕುಡಿದು ಗಲಾಟೆ. ಅತಿ ಹೆಚ್ಚು ಕಾಣುವ ಆರೋಪ ಇದೇ. ಕೆಲವರ ಹೆಸರನ್ನೂ ಪತ್ರಿಕೆ ಹಾಕುವುದಿಲ್ಲ. ಇಷ್ಟು ಜನ ಕುಡುಕರಿಗೆ ಎಂದಿನ ದಂಡ ಎಂದು ಒಂದೇ ಸಾಲಿನಲ್ಲಿ ಮುಗಿಸುತ್ತದೆ. ನೀವು ಹುಡುಕುವ ವ್ಯಕ್ತಿ ಆ ಒಂದು ಸಾಲಿನೊಳಗೇ ಇರಬಹುದು. ಪತ್ರಿಕೆಯಲ್ಲಿ ಹೆಸರಿಲ್ಲ ಎಂದರೆ ಕೋರ್ಟಿಗೆ ಬಂದಿಲ್ಲ ಎಂದಲ್ಲ.

ಅಲೆಮಾರಿತನ. ವಿಕ್ಟೋರಿಯಾದಲ್ಲಿ 1852ರ ಕಾಯ್ದೆಯಿಂದ ಬಂದ ಆರೋಪ ಇದು. ದಾಖಲೆಯಲ್ಲಿ ‘ಜೀವನಕ್ಕೆ ಕಾನೂನುಬದ್ಧ ದಾರಿ ಇಲ್ಲ’ ಎಂಬರ್ಥದ ಸಾಲು ಇರುತ್ತದೆ. ಇದೊಂದು ದೊಡ್ಡ ಚೀಲ. ಕೆಲಸ ಕಳೆದುಕೊಂಡವರು, ಮನೆಯಿಲ್ಲದ ಮುದುಕರು, ಪೊಲೀಸರಿಗೆ ಅನುಮಾನ ಇದ್ದರೂ ಸಾಕ್ಷಿ ಸಿಗದ ಕಳ್ಳರು, ಎಲ್ಲರನ್ನೂ ಇದರೊಳಗೆ ತುಂಬುತ್ತಿದ್ದರು. ಕಾಯಿಲೆಬಿದ್ದ ಮುದುಕರನ್ನು ಒಂದು ಸೂರು, ಒಂದಿಷ್ಟು ಊಟ, ವೈದ್ಯರ ಆರೈಕೆ ಸಿಗಲಿ ಎಂದೇ ಈ ಆರೋಪದ ಮೇಲೆ ಜೈಲಿಗೆ ಕಳಿಸಿದ್ದೂ ಉಂಟು. ‘ಅಲೆಮಾರಿ’ ಎಂಬ ಪದ ಕಂಡ ತಕ್ಷಣ ‘ಅಪರಾಧಿ’ ಎಂದು ಬರೆದರೆ ಆ ಮನುಷ್ಯನಿಗೆ ಎರಡನೇ ಸಲ ಅನ್ಯಾಯ ಮಾಡಿದಂತೆ.

ಹೆಂಗಸರ ಪ್ರಕರಣಗಳು. ವೇಶ್ಯಾವೃತ್ತಿ ಎಂಬುದೇ ಆಗ ಒಂದು ಅಪರಾಧವಾಗಿರಲಿಲ್ಲ. ಬೀದಿಯಲ್ಲಿ ಗದ್ದಲ ಮಾಡಿದರೆ ಅಪರಾಧ. ಹಾಗಾಗಿ ಹೆಂಗಸರ ಮೇಲೆ ಅಲೆಮಾರಿತನ, ಕೆಟ್ಟ ಮಾತು, ಕುಡಿತ, ಈ ಮೂರರಲ್ಲಿ ಒಂದನ್ನು ಹಾಕುತ್ತಿದ್ದರು. ಇದರಿಂದ ಎರಡು ತಪ್ಪು ಹುಟ್ಟುತ್ತವೆ. ಆರೋಪ ನೋಡಿ ವೃತ್ತಿ ಊಹಿಸುವುದು ಒಂದು. ವೃತ್ತಿಯ ಹೆಸರು ಹಾಕಿ ಹುಡುಕಿ, ಏನೂ ಇಲ್ಲ ಎಂದುಕೊಳ್ಳುವುದು ಇನ್ನೊಂದು. ಒಂಟಿ ಹೆಂಗಸು ರಾತ್ರಿ ಹೊತ್ತು ಬೀದಿಯಲ್ಲಿ ಸಿಕ್ಕಿದಳು ಎಂದರೆ ಅಷ್ಟೇ ಅರ್ಥ. ಸಾಕ್ಷಿ ಏನು ಹೇಳಿತು ಎಂದು ಓದುವವರೆಗೆ ಮುಂದೆ ಹೋಗಬೇಡಿ.

ಮಕ್ಕಳು. 1864ರ ಕಾಯ್ದೆಯ ನಂತರ, ದಿಕ್ಕಿಲ್ಲದ ಮಕ್ಕಳನ್ನು ಕೋರ್ಟಿನ ಮೂಲಕ ಇಂಡಸ್ಟ್ರಿಯಲ್ ಸ್ಕೂಲ್‌ಗಳಿಗೆ ಕಳಿಸುತ್ತಿದ್ದರು. ಮಗು ‘ನಿರ್ಲಕ್ಷಿತ’ ಎಂಬುದನ್ನೇ ಆರೋಪದ ಜಾಗದಲ್ಲಿ ಬರೆಯುತ್ತಿದ್ದರು. ಮೂರು ವರ್ಷದ ಕೂಸೊಂದು ಕೋರ್ಟಿನ ಪಟ್ಟಿಯಲ್ಲಿ ಕಂಡರೆ ಅದು ಏನೂ ಕದ್ದಿಲ್ಲ. ಅದಕ್ಕೆ ನೋಡಿಕೊಳ್ಳುವವರು ಇರಲಿಲ್ಲ, ಅಷ್ಟೇ. ಇಂಥ ಮಕ್ಕಳನ್ನು ಜೈಲು ರಿಜಿಸ್ಟರ್‌ನಲ್ಲಿ ಹುಡುಕಬೇಡಿ. ಸರ್ಕಾರದ ಪಾಲನೆಗೆ ಬಂದ ಮಕ್ಕಳ ಪಟ್ಟಿಯಾದ ವಾರ್ಡ್ ರಿಜಿಸ್ಟರ್ ಕೇಳಿ. ಕೆಲವು ಹುಡುಗರನ್ನು ವಿಲಿಯಮ್ಸ್‌ಟೌನ್ ಬಳಿ ನಿಂತಿದ್ದ ‘ನೆಲ್ಸನ್’ ಎಂಬ ತರಬೇತಿ ಹಡಗಿಗೂ ಕಳಿಸಿದ್ದರು.

ಹುಚ್ಚು ಎಂಬ ಅನುಮಾನ. ಇದೂ ಪೊಲೀಸ್ ಅಂಕಣದಲ್ಲೇ ಬರುತ್ತದೆ. ವೈದ್ಯರ ಪರೀಕ್ಷೆಗೆಂದು ಜೈಲಿನಲ್ಲಿ ಇಟ್ಟು, ಆಮೇಲೆ ಯಾರಾ ಬೆಂಡ್ ಹುಚ್ಚಾಸ್ಪತ್ರೆಗೋ, 1870ರ ದಶಕದಿಂದ ಕ್ಯೂ ಎಂಬಲ್ಲಿನ ಹುಚ್ಚಾಸ್ಪತ್ರೆಗೋ ಕಳಿಸುತ್ತಿದ್ದರು. ಜೈಲಿನ ದಾಖಲೆ ಅರ್ಧಕ್ಕೆ ನಿಂತರೆ ಅಲ್ಲಿಗೆ ಹೋಗಿ ನೋಡಿ.

## ಹಂತ 5: ತೀರ್ಪಿನ ಪದಗಳಲ್ಲಿ ಮೋಸ ಹೋಗಬೇಡಿ

ನಾಲ್ಕು ಇಂಗ್ಲಿಷ್ ಪದಗಳು ಎಲ್ಲರನ್ನೂ ಬೀಳಿಸುತ್ತವೆ.

‘ಡಿಸ್‌ಚಾರ್ಜ್ಡ್’ ಎಂದು ಕೋರ್ಟಿನ ಸುದ್ದಿಯಲ್ಲಿದ್ದರೆ ಬಿಟ್ಟು ಕಳಿಸಿದರು ಎಂದರ್ಥ. ಅದೇ ಪದ ಪೊಲೀಸ್ ಗೆಜೆಟ್‌ನ (ಪೊಲೀಸರ ಒಳ ಪತ್ರಿಕೆ, 6ನೇ ಹಂತ ನೋಡಿ) ಕೈದಿಗಳ ಪಟ್ಟಿಯಲ್ಲಿದ್ದರೆ ಶಿಕ್ಷೆ ಮುಗಿಸಿ ಹೊರಬಂದರು ಎಂದರ್ಥ. ಎರಡೂ ತದ್ವಿರುದ್ಧ. ‘ರಿಮಾಂಡೆಡ್’ ಎಂದರೆ ವಾಯಿದೆ ಹಾಕಿದರು. ತೀರ್ಪು ಇನ್ನೂ ಬಂದಿಲ್ಲ, ಮುಂದಿನ ವಾರದ ಪತ್ರಿಕೆ ನೋಡಬೇಕು. ‘ಕಮಿಟೆಡ್ ಫಾರ್ ಟ್ರಯಲ್’ ಎಂದರೆ ಪ್ರಕರಣ ಮೇಲಿನ ಕೋರ್ಟಿಗೆ ಹೋಯಿತು. ‘ಬೌಂಡ್ ಓವರ್’ ಎಂದರೆ ಶಾಂತಿಯಿಂದ ಇರುತ್ತೇನೆ ಎಂದು ಮುಚ್ಚಳಿಕೆ ಬರೆಸಿಕೊಂಡರು. ಮುಚ್ಚಳಿಕೆಗೆ ಜಾಮೀನು ಸಿಗದವರು ಜೈಲಿಗೆ ಹೋದರು.

ದಂಡಕ್ಕೂ ಇದೇ ಮಾತು. ‘5 ಶಿಲ್ಲಿಂಗ್ ಅಥವಾ 24 ಗಂಟೆ’ ಎಂಬಂಥ ಸಾಲು ಕಂಡರೆ, ದಂಡ ಕಟ್ಟಿದರೋ ಒಳಗೆ ಹೋದರೋ ಎಂಬುದು ಆ ಸಾಲಿನಿಂದ ತಿಳಿಯುವುದಿಲ್ಲ. ಲೆಕ್ಕ ಹಾಕುವಾಗ 20 ಶಿಲ್ಲಿಂಗ್‌ಗೆ 1 ಪೌಂಡ್, 12 ಪೆನ್ಸ್‌ಗೆ 1 ಶಿಲ್ಲಿಂಗ್ ಎಂಬುದು ನೆನಪಿರಲಿ.

## ಹಂತ 6: ಗೆಜೆಟ್, ಆಮೇಲೆ ಜೈಲು ರಿಜಿಸ್ಟರ್

ಈಗ ನಿಮ್ಮ ಕೈಯಲ್ಲಿ ದಿನ, ಕೋರ್ಟ್, ಆರೋಪ, ಹೆಸರು ಇವೆ. ವಿಕ್ಟೋರಿಯಾ ಪೊಲೀಸ್ ಗೆಜೆಟ್ 1853ರಿಂದ ಬಂದ ಪೊಲೀಸರ ಒಳ ಪತ್ರಿಕೆ. ಕಳುವಾದ ವಸ್ತು, ತಲೆಮರೆಸಿಕೊಂಡವರು, ಹಡಗು ಬಿಟ್ಟು ಓಡಿದವರು, ಜೈಲಿನಿಂದ ಬಿಡುಗಡೆಯಾದವರು, ಎಲ್ಲರ ಚಹರೆ ಇದರಲ್ಲಿ ಸಿಗುತ್ತದೆ. ಸ್ಟೇಟ್ ಲೈಬ್ರರಿ ವಿಕ್ಟೋರಿಯಾದಲ್ಲಿ ವಿಚಾರಿಸಿ.

ಜೈಲು ರಿಜಿಸ್ಟರ್‌ಗಳಲ್ಲಿ ಗಂಡಸರದು ವಿಪಿಆರ್‌ಎಸ್ 515, ಹೆಂಗಸರದು ವಿಪಿಆರ್‌ಎಸ್ 516. ಹುಟ್ಟಿದ ಊರು, ಬಂದ ಹಡಗು, ಬಂದ ವರ್ಷ, ಧರ್ಮ, ಕಸುಬು, ಓದು ಬರಹ, ಎತ್ತರ, ಗಾಯದ ಗುರುತು, ಹಚ್ಚೆ ಎಲ್ಲಾ ಇಲ್ಲಿ ಬರೆದಿರುತ್ತಾರೆ. ನಂತರದ ವರ್ಷಗಳಲ್ಲಿ ಫೋಟೋ ಕೂಡ ಸಿಗುತ್ತದೆ. ಹಿಂದಿನ ಶಿಕ್ಷೆಗಳೂ ಅದೇ ಪುಟದಲ್ಲಿ ಇರಬಹುದು. ಬೇರೆ ಸಂಪುಟದ ಪುಟ ಸಂಖ್ಯೆ ಅಂಚಿನಲ್ಲಿ ಗೀಚಿದ್ದರೆ ಬಿಡಬೇಡಿ, ಅದು ಇದೇ ವ್ಯಕ್ತಿಯ ಇನ್ನೊಂದು ಪುಟಕ್ಕೆ ದಾರಿ.

24 ಗಂಟೆ, ಮೂರು ದಿನದ ಶಿಕ್ಷೆ ಆದವರು ಇದರಲ್ಲಿ ಸಿಗುವುದು ಕಷ್ಟ. ಅವರಿಗೆ ಪೆಟಿ ಸೆಷನ್ಸ್ ರಿಜಿಸ್ಟರ್ ನೋಡಬೇಕು. ಅವು ಎಲ್ಲಾ ಕೋರ್ಟಿಗೂ, ಎಲ್ಲಾ ವರ್ಷಕ್ಕೂ ಉಳಿದಿಲ್ಲ.

ಕೈಬರಹ ಓದಲು ಅಭ್ಯಾಸ ಬೇಕು. ಎರಡು ‘ಎಸ್’ ಒಟ್ಟಿಗೆ ಬಂದರೆ ಮೊದಲನೆಯದನ್ನು ಉದ್ದಕ್ಕೆ ಎಳೆದು ಬರೆಯುತ್ತಿದ್ದರು. ನಮಗೆ ಅದು ‘ಎಫ್’ ಥರ ಕಾಣುತ್ತದೆ. ‘ಎಚ್.ಎಲ್.’ ಎಂದರೆ ಕಠಿಣ ಸಜೆ. ‘ಆರ್.ಸಿ.’ ಎಂದರೆ ರೋಮನ್ ಕ್ಯಾಥೊಲಿಕ್. ‘ವಿ.ಡಿ.ಎಲ್.’ ಎಂದರೆ ವಾನ್ ಡೀಮನ್ಸ್ ಲ್ಯಾಂಡ್, ಅಂದರೆ ಇಂದಿನ ಟಾಸ್ಮೇನಿಯಾ.

ಅಭ್ಯಾಸಕ್ಕೆ ಎಲ್ಲರಿಗೂ ಗೊತ್ತಿರುವ ಒಬ್ಬರನ್ನು ಆರಿಸಿ. ನಾನು ಆಸ್ಟ್ರೇಲಿಯಾದ ಹೆಸರಾಂತ ದರೋಡೆಕೋರ ನೆಡ್ ಕೆಲ್ಲಿಯ ಹೆಸರು ಹೇಳುತ್ತೇನೆ. 1880ರ ನವೆಂಬರ್ 11ರಂದು ಮೆಲ್ಬರ್ನ್ ಜೈಲಿನಲ್ಲಿ ಗಲ್ಲಿಗೇರಿದವನು. ಆದರೆ ನೀವು ನೋಡಬೇಕಾದದ್ದು ಅದಕ್ಕೂ ಮುಂಚಿನದು. 1871ರಲ್ಲಿ ಬೀಚ್‌ವರ್ತ್‌ನಲ್ಲಿ ಕದ್ದ ಕುದುರೆ ಪಡೆದ ಆರೋಪಕ್ಕೆ ಅವನಿಗೆ 3 ವರ್ಷ ಸಜೆಯಾಯಿತು. ಅಲ್ಲಿಂದ ಪೆಂಟ್ರಿಜ್ ಜೈಲು, ಆಮೇಲೆ ವಿಲಿಯಮ್ಸ್‌ಟೌನ್ ಬಳಿಯ ‘ಸ್ಯಾಕ್ರಮೆಂಟೊ’ ಎಂಬ ಜೈಲುಹಡಗು. ಈ ದಾರಿಯನ್ನು ರಿಜಿಸ್ಟರ್‌ನಲ್ಲಿ ಒಂದು ಸಲ ಬೆರಳಿಟ್ಟು ಓದಿದರೆ ಉಳಿದವರ ಪುಟ ಓದುವ ಧೈರ್ಯ ಬರುತ್ತದೆ.

## ಹಂತ 7: ನಾವಿಕರಾಗಿದ್ದರೆ ಹಡಗನ್ನು ಹಿಂಬಾಲಿಸಿ

1851ರಲ್ಲಿ ಚಿನ್ನ ಸಿಕ್ಕ ಸುದ್ದಿ ಹರಡಿದ ಮೇಲೆ ಮೆಲ್ಬರ್ನ್ ಬಂದರಿನ ಕೊಲ್ಲಿಯಾದ ಹಾಬ್ಸನ್ಸ್ ಬೇ ತುಂಬಾ ಕೆಲಸಗಾರರಿಲ್ಲದ ಹಡಗುಗಳು ನಿಂತಿದ್ದವು. ನಾವಿಕರು ಗಣಿಗಳಿಗೆ ಓಡಿದ್ದರು. ನಾವಿಕ ಕೆಲಸ ಬಿಟ್ಟು ಹೋಗುವುದೇ ಆಗ ಜೈಲುಪಾಲಾಗುವ ತಪ್ಪು. ಬ್ರಿಟನ್ನಿನ 1854ರ ಹಡಗು ಕಾಯ್ದೆಯಲ್ಲಿ ಹಡಗು ತೊರೆದವನಿಗೆ 12 ವಾರದವರೆಗೆ ಸಜೆ ಕೊಡಬಹುದಿತ್ತು. ಸಂಬಳವೂ ಹೋಗುತ್ತಿತ್ತು.

ಇಂಥ ಪ್ರಕರಣದಲ್ಲಿ ವ್ಯಕ್ತಿಯ ಹೆಸರಿಗಿಂತ ಹಡಗಿನ ಹೆಸರು ಗಟ್ಟಿ. ಮೊದಲು ಪತ್ರಿಕೆಯ ಹಡಗು ಸುದ್ದಿಯ ಅಂಕಣದಲ್ಲಿ ಆ ಹಡಗು ಬಂದ ದಿನ, ಹೊರಟ ದಿನ ಗುರುತು ಹಾಕಿಕೊಳ್ಳಿ. ಆ ಎರಡು ದಿನಗಳ ನಡುವಿನ ವಿಲಿಯಮ್ಸ್‌ಟೌನ್ ಕೋರ್ಟಿನ ಸುದ್ದಿ ಮಾತ್ರ ಓದಿ. ಹಡಗು ಹೊರಡುವಾಗ ನಾವಿಕನನ್ನು ಜೈಲಿನಿಂದ ನೇರ ಹಡಗಿಗೆ ಹತ್ತಿಸಲು ಕಾನೂನಿನಲ್ಲಿ ಅವಕಾಶವಿತ್ತು. ಆದ್ದರಿಂದ 12 ವಾರದ ಸಜೆ ನಾಲ್ಕೇ ವಾರಕ್ಕೆ ಮುಗಿದಂತೆ ಕಂಡರೆ ಕ್ಷಮೆ ಸಿಕ್ಕಿತು ಎಂದು ಬರೆಯಬೇಡಿ. ಹಡಗು ಹೊರಟ ದಿನಾಂಕ ನೋಡಿ.

## ಹಂತ 8: ಒಬ್ಬರೋ ಇಬ್ಬರೋ ಎಂದು ತೀರ್ಮಾನಿಸಿ

ಉದಾಹರಣೆಗೆ ಮೇರಿ ರಯಾನ್ ಎಂಬ ಹೆಸರು ಇಟ್ಟುಕೊಳ್ಳೋಣ. ಐರ್ಲೆಂಡ್‌ನಿಂದ ಬಂದ ಹೆಂಗಸರಲ್ಲಿ ತೀರಾ ಸಾಮಾನ್ಯ ಹೆಸರು. ಎರಡು ವರ್ಷದಲ್ಲಿ ಹತ್ತು ಸಲ ಕಂಡರೆ ಹತ್ತು ಜನವೂ ಇರಬಹುದು, ಒಬ್ಬಳೇ ಹತ್ತು ಸಲ ಬಂದಿರಬಹುದು. ಇನ್ನೊಂದು ಕಡೆ, ಒಬ್ಬಳೇ ಹೆಂಗಸು ಗಂಡನ ಹೆಸರು, ತವರಿನ ಹೆಸರು, ಸುಳ್ಳು ಹೆಸರು ಎಂದು ಮೂರು ಹೆಸರಿನಲ್ಲಿ ಬಂದಿರಬಹುದು.

ನಾನು ಪಾಲಿಸುವ ನಿಯಮ ಹೀಗಿದೆ. ಹೆಸರನ್ನು ಬಿಟ್ಟು ಬೇರೆ ಮೂರು ಗುರುತು ಹೊಂದಬೇಕು. ಹುಟ್ಟಿದ ಊರು, ಬಂದ ಹಡಗು, ಎತ್ತರ, ಹಚ್ಚೆ ಅಥವಾ ಗಾಯದ ಗುರುತು, ಇವುಗಳಲ್ಲಿ ಮೂರು. ವಯಸ್ಸನ್ನು ನಾನು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಆಗ ವಯಸ್ಸನ್ನು ಅಂದಾಜಿನಲ್ಲಿ ಹೇಳುತ್ತಿದ್ದರು, ಬರೆಯುವವರೂ ಅಂದಾಜಿನಲ್ಲೇ ಬರೆಯುತ್ತಿದ್ದರು. ಎರಡೇ ಗುರುತು ಹೊಂದಿದರೆ ‘ಇರಬಹುದು’ ಎಂದು ಬೇರೆ ಬಣ್ಣದಲ್ಲಿ ಬರೆಯಿರಿ. ಒಂದೇ ಆದರೆ ಎರಡು ಹಾಳೆ ಇಡಿ, ಸೇರಿಸಬೇಡಿ.

ಎಚ್ಚರಿಕೆಯ ಗುರುತುಗಳೂ ಇವೆ. ಒಂದು ದಾಖಲೆಯಲ್ಲಿ ಜೈಲಿನೊಳಗಿರುವ ವ್ಯಕ್ತಿ ಅದೇ ವಾರ ಇನ್ನೊಂದು ದಾಖಲೆಯಲ್ಲಿ ಬೀದಿಯಲ್ಲಿದ್ದಾರಾ? ಎತ್ತರ ಎರಡು ಅಂಗುಲ ವ್ಯತ್ಯಾಸ ಇದೆಯಾ? ಒಂದು ಕಡೆ ಓದು ಬರಹ ಬರುತ್ತದೆ, ಹತ್ತು ವರ್ಷದ ನಂತರ ಬರುವುದಿಲ್ಲ ಎಂದಿದೆಯಾ? ಇಂಥದ್ದು ಕಂಡ ಕೂಡಲೇ ನಿಲ್ಲಿಸಿ, ಹಿಂದಿನ ಹಂತಕ್ಕೆ ಹೋಗಿ.

## ಹಂತ 9: ಭಾರತದಿಂದ ಬಂದವರನ್ನು ಹುಡುಕುವಾಗ

ಬಂದರಿಗೆ ಲಸ್ಕರ್‌ಗಳು, ಅಂದರೆ ಬ್ರಿಟಿಷ್ ಹಡಗುಗಳಲ್ಲಿ ದುಡಿಯುತ್ತಿದ್ದ ಭಾರತದ ಕಡೆಯ ನಾವಿಕರು, ಬರುತ್ತಿದ್ದರು. ಶತಮಾನದ ಕೊನೆಯ ಹೊತ್ತಿಗೆ ಭಾರತದ ಹೊತ್ತುಮಾರುವ ವ್ಯಾಪಾರಿಗಳೂ ಇದ್ದರು. ಲೈಸೆನ್ಸ್ ಇಲ್ಲದೆ ಮಾರಿದ್ದು ಅವರ ಮೇಲೆ ಬೀಳುತ್ತಿದ್ದ ಆರೋಪಗಳಲ್ಲೊಂದು. ಅವರ ಹೆಸರನ್ನು ಕಿವಿಗೆ ಕೇಳಿದಂತೆ ಬರೆದಿರುತ್ತಾರೆ. ಯಾವ ಧರ್ಮದವರಾದರೂ ‘ಹಿಂದೂ’ ಎಂದು ಬರೆದುಬಿಡುವುದೂ ಇತ್ತು.

ಕನ್ನಡ ನಾಡಿನವರನ್ನು ಹುಡುಕುವವರಿಗೆ ಎರಡು ಮಾತು. ಹುಟ್ಟಿದ ಊರಿನ ಜಾಗದಲ್ಲಿ ಪ್ರಾಂತ್ಯದ ಹೆಸರೋ ಹಡಗು ಹತ್ತಿದ ಬಂದರಿನ ಹೆಸರೋ ಇರಬಹುದು. ಮಂಗಳೂರು ಮದ್ರಾಸ್ ಪ್ರಾಂತ್ಯದಲ್ಲಿತ್ತು. ಉತ್ತರ ಕನ್ನಡ 1862ರಲ್ಲಿ ಬಾಂಬೆ ಪ್ರಾಂತ್ಯಕ್ಕೆ ಸೇರಿತು. ಹಾಗಾಗಿ ‘ಮದ್ರಾಸ್’, ‘ಬಾಂಬೆ’ ಎಂದಿರುವುದನ್ನು ಸುಮ್ನೆ ಬಿಟ್ಟುಬಿಡಬೇಡಿ, ಹಾಗಂತ ನಮ್ಮವರೇ ಎಂದು ಹಿಗ್ಗಲೂಬೇಡಿ. ಎರಡನೆಯದು, ‘ಬೆಂಗಳೂರಿನಲ್ಲಿ ಜನನ’ ಎಂದು ಕಂಡರೆ ಧರ್ಮ ಮತ್ತು ಮೈಬಣ್ಣದ ಅಂಕಣ ನೋಡಿ. ದಂಡಿನಲ್ಲಿದ್ದ ಬ್ರಿಟಿಷ್ ಸೈನಿಕರ ಮಕ್ಕಳೂ ಬೆಂಗಳೂರಿನಲ್ಲೇ ಹುಟ್ಟಿದವರು.

ಭಾರತೀಯರು, ಚೀನೀಯರು, ಐರಿಷ್ ಹೆಂಗಸರ ಬಗ್ಗೆ ಬರೆಯುವಾಗ ಆಗಿನ ವರದಿಗಾರರು ಗೇಲಿ ಮಾಡುತ್ತಿದ್ದರು. ಆ ಗೇಲಿಯನ್ನು ಕನ್ನಡಕ್ಕೆ ತರುವಾಗ ಅದು ಪತ್ರಿಕೆಯ ಮಾತು ಎಂದು ಸ್ಪಷ್ಟವಾಗಿ ಹೇಳಿ. ನಿಮ್ಮ ಮಾತಿನೊಳಗೆ ಅದು ನುಸುಳಬಾರದು.

## ಹಂತ 10: ಜೈಲಿನ ಹೊರಗಿನ ಕಾಗದ ಸೇರಿಸಿ

ಒಬ್ಬರ ಹಾಳೆಯಲ್ಲಿ ಬರೀ ಕೋರ್ಟಿನ ಸಾಲುಗಳೇ ಇದ್ದರೆ ಕೆಲಸ ಅರ್ಧವಾಗಿದೆ ಎಂದರ್ಥ. ವಿಕ್ಟೋರಿಯಾದಲ್ಲಿ 1853ರ ಜುಲೈನಿಂದ ಜನನ, ಮದುವೆ, ಮರಣಗಳ ಸರ್ಕಾರಿ ನೋಂದಣಿ ಇದೆ. ಪ್ರತಿಗೆ ಹಣ ಕೊಡಬೇಕು, ಅದಕ್ಕೇ 8ನೇ ಹಂತ ಮುಗಿಯದೆ ತರಿಸಬೇಡಿ. ಸ್ವಂತ ಖರ್ಚಿನಲ್ಲಿ ಹಡಗು ಹತ್ತಿ ಬಂದವರ ಪಟ್ಟಿ 1852ರಿಂದ ವಿಪಿಆರ್‌ಎಸ್ 947ರಲ್ಲಿ ಸಿಗುತ್ತದೆ. ಬಾಡಿಗೆ ಮನೆಯವರ ಹೆಸರಿಗೆ ಸ್ಯಾಂಡ್ಸ್ ಅಂಡ್ ಮೆಕ್‌ಡೂಗಲ್ ಡೈರೆಕ್ಟರಿ ನೋಡಿ. ಹೊಟೇಲು, ಛತ್ರಗಳಲ್ಲಿ ದಿನ ದೂಡಿದವರು ಅದರಲ್ಲಿ ಇರುವುದಿಲ್ಲ.

ಜೈಲಿನಲ್ಲಿ ಸತ್ತವರಿಗೆ ಶವವಿಚಾರಣೆ ನಡೆಯುತ್ತಿತ್ತು. ಆ ಕಡತಗಳು ವಿಪಿಆರ್‌ಎಸ್ 24ರಲ್ಲಿವೆ. ಜೊತೆಗಿದ್ದ ಕೈದಿ, ವಾರ್ಡರ್, ವೈದ್ಯರು ಹೇಳಿದ ಮಾತನ್ನು ಬರೆದುಕೊಂಡು ಸಹಿ ಹಾಕಿಸಿರುತ್ತಾರೆ. ಹದಿನೈದು ವರ್ಷ ಬರೀ ‘ಕುಡಿತ’, ‘ಅಲೆಮಾರಿ’ ಎಂದು ಕಂಡ ಹೆಂಗಸು ಕೊನೆಯ ವಾರ ಎಲ್ಲಿ ನೋವು ಎಂದಳು, ಯಾರನ್ನು ಕೇಳಿದಳು ಎಂಬುದು ಕೆಲವೊಮ್ಮೆ ಈ ಒಂದೇ ಕಡತದಲ್ಲಿ ಇರುತ್ತದೆ. ನಾರ್ತ್ ಮೆಲ್ಬರ್ನ್‌ಗೆ ಹೋಗುವ ಮೊದಲೇ ಕಡತದ ಸಂಖ್ಯೆ ಕೊಟ್ಟು ತರಿಸಿಡಲು ಹೇಳಿ, ಪೆನ್ಸಿಲ್ ಒಯ್ಯಿರಿ, ಮತ್ತೆ ಆ ಕಡತಕ್ಕೆ ಒಂದು ಇಡೀ ಬೆಳಿಗ್ಗೆ ಎತ್ತಿಡಿ.